ಮಿಂಚುವ ಉಪಗ್ರಹಗಳ ಬೆನ್ನು ಹತ್ತಲು ಒಂಬತ್ತು ಸೂತ್ರಗಳು

ಆಯುಷ್ಯ ಮುಗಿದ ಉಪಗ್ರಹಗಳು, ಖಾಲಿಯಾದ ರಾಕೆಟ್ ಹಂತಗಳು ಕಕ್ಷೆಯಲ್ಲಿ ಹೊರಳುತ್ತಲೇ ಸುತ್ತುತ್ತವೆ. ಪ್ರತಿ ಹೊರಳಿಗೂ ಅವುಗಳ ಮೈಯ ನುಣುಪು ಭಾಗ ಬಿಸಿಲನ್ನು ನಮ್ಮತ್ತ ತಿರುಗಿಸುತ್ತದೆ. ಆಗ ಚುಕ್ಕಿಯೊಂದು ಫಳಕ್ಕನೆ ಹೊಳೆದು ಮಂಕಾಗುತ್ತದೆ. ಹೊಳಪುಗಳ ನಡುವಿನ ಅಂತರ ಅಳೆದರೆ ಹೊರಳುವ ವೇಗ ಸಿಗುತ್ತದೆ. ಹಾದುಹೋದ ಕ್ಷಣ ಬರೆದಿಟ್ಟರೆ ಕಕ್ಷೆಯ ಬದಲಾವಣೆ ತಿಳಿಯುತ್ತದೆ. ಇದಕ್ಕೆ ಬೇಕಾದ್ದು ಕತ್ತಲು, ಸರಿಯಾದ ಗಡಿಯಾರ ಮತ್ತು ಪ್ರಾಮಾಣಿಕ ದಾಖಲೆ. ಸುರಪುರದ ಸುತ್ತ ಕತ್ತಲಿಗೆ ಬರವಿಲ್ಲ. ಉಳಿದೆರಡು ನಮ್ಮ ಕೈಯಲ್ಲಿವೆ.

1. ಜಾಗ ಗೊತ್ತು ಮಾಡಿಕೊಳ್ಳಿ. ಬೀದಿದೀಪ ಕಣ್ಣಿಗೆ ಹೊಡೆಯದ ಮಾಳಿಗೆ ಸಾಕು. ಇನ್ನೂ ಕಪ್ಪು ಆಕಾಶ ಬೇಕೆಂದರೆ ಬೋನಾಳ ಕೆರೆಯ ಕಡೆಗೋ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಆಸುಪಾಸಿಗೋ ಜೊತೆಗಾರರೊಂದಿಗೆ ಹೋಗಿ. ಸುರಪುರ ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶ, 76.8 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ನೀವು ನಿಂತ ಜಾಗದ ನಿಖರ ಅಂಕಿಗಳನ್ನು ಫೋನಿನಲ್ಲಿ ನೋಡಿ ಬರೆದಿಟ್ಟು, ಸದಾ ಅಲ್ಲಿಂದಲೇ ನೋಡಿ.

2. ಹೊತ್ತು ಅರಿಯಿರಿ. ನಮಗೆ ಕತ್ತಲಾಗಿರಬೇಕು, ಮೇಲೆ ಉಪಗ್ರಹಕ್ಕೆ ಬಿಸಿಲಿರಬೇಕು. ಸೂರ್ಯಾಸ್ತವಾಗಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ, ಬೆಳಗ್ಗೆ ಸೂರ್ಯೋದಯಕ್ಕೆ ಮುಂಚೆ ಅಷ್ಟೇ ಹೊತ್ತು ಒಳ್ಳೆಯದು. ಸಂಜೆ ಪೂರ್ವಕ್ಕೆ ಸಾಗುವ ಚುಕ್ಕಿ ನಡುವೆಯೇ ಮಾಯವಾದರೆ ಗಾಬರಿ ಬೇಡ, ಅದು ಭೂಮಿಯ ನೆರಳು ಹೊಕ್ಕಿದೆ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಆಕಾಶ ತಿಳಿಯಾಗಿರುತ್ತದೆ.

3. ಕಕ್ಷಾ ವಿವರ ತಾಜಾ ಇರಲಿ. ಹೆವೆನ್ಸ್-ಅಬೋವ್ ಜಾಲತಾಣ, ಸ್ಟೆಲೇರಿಯಮ್ ತಂತ್ರಾಂಶ ಮುಂತಾದವು ಯಾವುದು ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ ಬರುತ್ತದೆಂದು ಹೇಳುತ್ತವೆ. ಅದಕ್ಕೆ ಆಧಾರ ಎರಡು ಸಾಲಿನ ಕಕ್ಷಾ ವಿವರ. ವಾರಗಟ್ಟಲೆ ಹಳೆಯದಾದ ವಿವರ ನಂಬುವುದು ಹೋದ ವರ್ಷದ ಪಂಚಾಂಗ ನೋಡಿ ಮುಹೂರ್ತ ಇಟ್ಟಂತೆ.

4. ಕಣ್ಣು ಪಳಗಿಸಿ. ಮೊದಲು ಸುಮಾರು 400 ಕಿ.ಮೀ. ಎತ್ತರದಲ್ಲಿ ಹಾರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೋಡಿ; ಅದು ಸ್ಥಿರವಾಗಿ ಹೊಳೆಯುತ್ತದೆ. ಆಮೇಲೆ ಮಿನುಗುವ ರಾಕೆಟ್ ಹಂತಗಳಿಗೆ ಬನ್ನಿ. ಕೈಗೊಂದು ದುರ್ಬೀನು ಬಂದಾಗ ಜಪಾನಿನ ಅಜಿಸಾಯ್ ಉಪಗ್ರಹ ಹುಡುಕಿ. 1986ರಲ್ಲಿ ಹಾರಿದ ಈ ಗೋಳಕ್ಕೆ 318 ಕನ್ನಡಿಗಳಿವೆ. ಸುಮಾರು 1,490 ಕಿ.ಮೀ. ಎತ್ತರದಲ್ಲಿರುವ ಕಾರಣ ಕೆಳಗಿನವು ನೆರಳು ಸೇರಿದ ಮೇಲೂ ಅದು ಕಾಣುತ್ತದೆ.

5. ವಿಮಾನವನ್ನು ಬೇರ್ಪಡಿಸಿ. ವಿಮಾನಕ್ಕೆ ಕೆಂಪು-ಹಸಿರು ದೀಪಗಳಿರುತ್ತವೆ, ಬಹಳ ಸಲ ಸದ್ದೂ ಕೇಳುತ್ತದೆ. ಉಪಗ್ರಹ ನಿಶ್ಶಬ್ದ. ಒಂದೇ ಗತಿಯಲ್ಲಿ ನಕ್ಷತ್ರಗಳ ನಡುವೆ ಸರಿಯುತ್ತದೆ.

6. ಒಂದು ಮಿಂಚನ್ನಲ್ಲ, ಇಪ್ಪತ್ತನ್ನು ಅಳೆಯಿರಿ. ಸ್ಟಾಪ್‌ವಾಚ್ ಒತ್ತುವ ಬೆರಳು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವರಿಸುವುದು ಸಹಜ. ಆದ್ದರಿಂದ ಮೊದಲ ಮಿಂಚನ್ನು ‘ಸೊನ್ನೆ’ ಎಂದು ಎಣಿಸಿ ಗಡಿಯಾರ ಶುರು ಮಾಡಿ, ‘ಇಪ್ಪತ್ತು’ ಎಂದಾಗ ನಿಲ್ಲಿಸಿ. 84 ಸೆಕೆಂಡು ಬಂದರೆ ಮಿಂಚಿನ ಅವಧಿ 4.2 ಸೆಕೆಂಡು, ಬೆರಳಿನ ತಪ್ಪು ಇಪ್ಪತ್ತರಲ್ಲಿ ಹಂಚಿಹೋಗಿ ಸೆಕೆಂಡಿನ ನೂರನೇ ಒಂದು ಭಾಗಕ್ಕಿಳಿಯುತ್ತದೆ. ನಡುವೆ ಮಿಂಚು ತಪ್ಪಿದ್ದರೆ ಅದನ್ನೂ ಬರೆಯಿರಿ.

7. ನಕ್ಷತ್ರಗಳನ್ನೇ ಮೈಲುಗಲ್ಲು ಮಾಡಿಕೊಳ್ಳಿ. ಹತ್ತಿರದ ಎರಡು ನಕ್ಷತ್ರಗಳ ನಡುವೆ ಮನಸ್ಸಿನಲ್ಲೇ ಗೆರೆ ಎಳೆಯಿರಿ. ಚುಕ್ಕಿ ಆ ಗೆರೆಯನ್ನು ಎಲ್ಲಿ, ಯಾವ ಕ್ಷಣ ದಾಟಿತು ಎಂಬುದೇ ನಿಮ್ಮ ಅಳತೆ. ಕೆಳಕಕ್ಷೆಯ ವಸ್ತು ಸೆಕೆಂಡಿಗೆ ಏಳೂವರೆ ಕಿ.ಮೀ.ಗೂ ಹೆಚ್ಚು ಓಡುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದರೂ ಮುಕ್ಕಾಲು ಕಿ.ಮೀ. ತಪ್ಪಿದಂತೆ. ಗಡಿಯಾರವನ್ನು ಅಂತರ್ಜಾಲ ಸಮಯಕ್ಕೆ ಹೊಂದಿಸಿಕೊಂಡೇ ಮಾಳಿಗೆ ಹತ್ತಿ. ಭಾರತೀಯ ಸಮಯದಿಂದ ಐದೂವರೆ ಗಂಟೆ ಕಳೆದು ವಿಶ್ವ ಸಮಯದಲ್ಲಿ ಬರೆದಿಡಿ.

8. ಬೇಗ ಬಂತೋ, ತಡವಾಯಿತೋ ನೋಡಿ. ತೆಳುವಾದ ಗಾಳಿ ಉಜ್ಜಿದಂತೆಲ್ಲ ಉಪಗ್ರಹ ಕೆಳಗಿಳಿಯುತ್ತದೆ. ಕೆಳಗಿನ ಸುತ್ತು ಚಿಕ್ಕದು, ವೇಗವೂ ಹೆಚ್ಚು. ಹಾಗಾಗಿ ಗಾಳಿಯ ತಡೆ ಅಂದಾಜಿಗಿಂತ ಹೆಚ್ಚಾದರೆ ಅದು ಹೇಳಿದ ಹೊತ್ತಿಗಿಂತ ಮೊದಲೇ ಬರುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟವೂ ಹೀಗೇ ಇಳಿಯುತ್ತ 1992ರಲ್ಲಿ ವಾತಾವರಣ ಸೇರಿತು. ನಿಮ್ಮ ದಾಖಲೆಯಲ್ಲಿ ಕಾಣುವ ಕೆಲವು ಸೆಕೆಂಡುಗಳ ವ್ಯತ್ಯಾಸ ಇಂಥದೇ ಇಳಿತದ ಲೆಕ್ಕ.

9. ಒಂದನ್ನೇ ತಿಂಗಳುಗಟ್ಟಲೆ ಹಿಂಬಾಲಿಸಿ. ಭೂಮಿಯ ಕಾಂತಕ್ಷೇತ್ರ ಲೋಹದ ಮೈಯಲ್ಲಿ ಸುಳಿವಿದ್ಯುತ್ ಹುಟ್ಟಿಸಿ ಹೊರಳನ್ನು ನಿಧಾನಗೊಳಿಸುತ್ತದೆ. ಒಂದು ಹೊರಳಿಗೆ ಸುಮಾರು 1.5 ಸೆಕೆಂಡು ತೆಗೆದುಕೊಳ್ಳುತ್ತಿದ್ದ ಅಜಿಸಾಯ್‌ಗೆ ಈಗ 2 ಸೆಕೆಂಡಿಗೂ ಹೆಚ್ಚು ಬೇಕು. ಒಂದು ರಾತ್ರಿಯ ಅಳತೆಯಿಂದ ಇದು ಗೊತ್ತಾಗದು, ಸಾಲು ಸಾಲು ಅಳತೆಗಳಿಂದ ಗೊತ್ತಾಗುತ್ತದೆ.

ಹವ್ಯಾಸಿಯ ದುಡಿಮೆ ಸಣ್ಣದಲ್ಲ. 2005ರಲ್ಲಿ ಮಾತು ನಿಲ್ಲಿಸಿದ್ದ ನಾಸಾದ ‘ಇಮೇಜ್’ ಉಪಗ್ರಹ ಮತ್ತೆ ಸಂಕೇತ ಕಳಿಸುತ್ತಿದೆಯೆಂದು 2018ರ ಜನವರಿಯಲ್ಲಿ ಪತ್ತೆಹಚ್ಚಿದವರು ಕೆನಡಾದ ಹವ್ಯಾಸಿ ರೇಡಿಯೋ ವೀಕ್ಷಕ ಸ್ಕಾಟ್ ಟಿಲ್ಲಿ. ಸುರಪುರದ ಶಾಲೆಗಳ ಹುಡುಗ ಹುಡುಗಿಯರಿಗೂ ಈ ದಾರಿ ತೆರೆದಿದೆ. ದಿನಾಂಕ, ಸಮಯ, ಜಾಗ, ವಸ್ತುವಿನ ಹೆಸರು, ಮಿಂಚಿನ ಎಣಿಕೆ, ಆಕಾಶದ ಸ್ಥಿತಿ ಎಂದು ಆರು ಅಂಕಣದ ನೋಟ್‌ಬುಕ್ ಈ ಸಂಜೆಯೇ ಶುರುವಾಗಲಿ. ನಿಮ್ಮನ್ನು ಎಂದೂ ಕಾಣದವರೂ ಅದನ್ನೋದಿ ಲೆಕ್ಕ ಹಾಕುವಷ್ಟು ಸ್ಪಷ್ಟವಾಗಿ ಬರೆಯಿರಿ.