ಅಂಗಾತ ಮಲಗಿದಾಗ ಕಟ್ಟುವ ಉಸಿರು

ಹೃದಯದ ತಪಾಸಣೆಯಲ್ಲಿ ದೋಷ ಕಾಣದಿದ್ದರೂ ನಿಮ್ಮ ತಂದೆಯವರು ಅಂಗಾತ ಮಲಗಲಾರದೆ ಮೂರು ದಿಂಬಿಗೆ ಒರಗಿಯೇ ನಿದ್ರಿಸುವುದು ಮತ್ತು ಬೆಳಿಗ್ಗೆ ತಲೆನೋವಿನೊಂದಿಗೆ ಏಳುವುದು ವಯಸ್ಸಿನ ಸಹಜ ಲಕ್ಷಣವೆಂದು ಬಿಟ್ಟುಬಿಡುವಂಥದ್ದಲ್ಲ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯು ದುರ್ಬಲವಾದಾಗ, ಮಲಗಿದ ಸ್ಥಿತಿಯಲ್ಲಿ ಹೊಟ್ಟೆಯ ಅಂಗಗಳು ಅದನ್ನು ಮೇಲಕ್ಕೆ ಒತ್ತುವುದರಿಂದ ಉಸಿರು ಸಾಲದಾಗುತ್ತದೆ. ರಾತ್ರಿಯಿಡೀ ರಕ್ತದಲ್ಲಿ ಉಳಿದ ಇಂಗಾಲದ ಡೈಆಕ್ಸೈಡ್ ಮುಂಜಾನೆಯ ತಲೆನೋವಾಗಿ ತೋರಬಹುದು. ಸ್ನಾಯುಗಳನ್ನು ಆಳುವ ನರಕೋಶಗಳು ಕ್ರಮೇಣ ನಶಿಸುವ ಎಎಲ್‌ಎಸ್ ರೋಗವು ಕೆಲವರಲ್ಲಿ ಕೈಕಾಲಿನ ಬಲ ಕುಗ್ಗುವ ಮೊದಲೇ ಹೀಗೆ ಆರಂಭವಾಗುತ್ತದೆ. ಮಲಗಿದವರ ಹೊಟ್ಟೆಯ ಮೇಲೆ ಅಂಗೈ ಇಟ್ಟಾಗ, ಉಸಿರೆಳೆದುಕೊಳ್ಳುವಾಗ ಉಬ್ಬಬೇಕಾದ ಹೊಟ್ಟೆ ಒಳಕ್ಕೆ ಸರಿದರೆ ಅದು ಮಹತ್ವದ ಸುಳಿವು.

ನರಮಂಡಲದ ಇನ್ನೊಂದು ಕಾಯಿಲೆಯಾದ ಪಾರ್ಕಿನ್‌ಸನ್ ರೋಗದಲ್ಲಿ ಉಸಿರಾಟ ಕೆಡುವ ದಾರಿ ಬೇರೆ: ಉಸಿರಿನ ಲಯ ಹುಟ್ಟುವ ಮಿದುಳುಕಾಂಡವನ್ನೂ ರೋಗ ತಟ್ಟುವುದರಿಂದ, ಆಮ್ಲಜನಕ ಕಡಿಮೆಯಾದಾಗ ಉಸಿರಾಟ ಚುರುಕಾಗುವ ಪ್ರತಿಕ್ರಿಯೆಯು ಕೆಲವರಲ್ಲಿ ಮಂದವಾಗಿರುತ್ತದೆ. ನಿದ್ದೆಯ ಉಸಿರಾಟದಿಂದಲೇ ಈ ರೋಗವನ್ನು ಗುರುತಿಸಲೆತ್ನಿಸುವ ಕೃತಕ ಬುದ್ಧಿಮತ್ತೆಯ ವಿಧಾನವೊಂದನ್ನು ಅಮೆರಿಕದ ಎಂಐಟಿ ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ಆದರೆ ಅದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ.

ಇಂಥ ಲಕ್ಷಣಗಳಿಗೆ ಶ್ವಾಸಕೋಶದ ಕಾಯಿಲೆ, ಬೊಜ್ಜು ಮುಂತಾದ ಕಾರಣಗಳೂ ಇರುವುದರಿಂದ ಈಗಲೇ ಭಯಪಡುವ ಅಗತ್ಯವಿಲ್ಲ, ತಡಮಾಡುವುದೂ ಸಲ್ಲ. ನರರೋಗ ತಜ್ಞರನ್ನು ಕಂಡು, ಕುಳಿತೂ ಮಲಗಿಯೂ ಉಸಿರಿನ ಪ್ರಮಾಣ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯನ್ನು ಕೇಳಿ ಮಾಡಿಸುವುದು ಒಳಿತು. ಮಲಗಿದಾಗಿನ ಅಳತೆ ಶೇ 30ಕ್ಕಿಂತ ಹೆಚ್ಚು ಕುಸಿದರೆ ವಪೆಯ ದೌರ್ಬಲ್ಯವನ್ನು ಬಲವಾಗಿ ಶಂಕಿಸಲಾಗುತ್ತದೆ. ಅಲ್ಲಿಯವರೆಗೆ ವೈದ್ಯರನ್ನು ಕೇಳದೆ ನಿದ್ರೆಮಾತ್ರೆ ಕೊಡಬಾರದು.