ಬೇರುಹುಳುವಿಗೆ ಜಂತುಹುಳುವೇ ಶತ್ರು

ಅಂಬಲಪಾಡಿಯ ತೆಂಗಿನ ಹಿತ್ತಿಲಾಗಲಿ, ಕಾರ್ಕಳದ ಕಡೆಯ ಅಡಿಕೆ ತೋಟವಾಗಲಿ, ಮರದ ಸೋಗೆ ಹಳದಿಯಾಗಿ, ತಲೆ ಸಣ್ಣದಾಗಿ, ಎಳೆಕಾಯಿ ಉದುರತೊಡಗಿದರೆ ಗೊಬ್ಬರ ಸಾಲದೆಂದು ಭಾವಿಸುವುದು ಸಹಜ. ಗೊಬ್ಬರ ಹಾಕುವ ಮೊದಲು ಬುಡದ ಮಣ್ಣನ್ನು ಒಂದು ಅಡಿ ಅಗೆದು ನೋಡಿರಿ. ಕಂದು ತಲೆಯ, ಬಿಳಿ ಮೈಯ, ಬಿಲ್ಲಿನಂತೆ ಬಾಗಿದ ಹುಳು ಸಿಕ್ಕಿದರೆ ಅದೇ ಬೇರುಹುಳು. ಇದನ್ನು ಗೊಣ್ಣೆಹುಳು ಎಂದೂ ಕರೆಯುತ್ತಾರೆ.

ಹಿಂದೆ ಇದಕ್ಕೆ ಫೋರೇಟ್ ಹರಳು ಹಾಕುವ ರೂಢಿಯಿತ್ತು. ಈ ತೀವ್ರ ವಿಷವನ್ನು ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ತೋಟದ ಮಗ್ಗುಲಲ್ಲೇ ಕುಡಿಯುವ ನೀರಿನ ಬಾವಿ ಇರುವ ನಮ್ಮ ಕರಾವಳಿಗೆ ಇದು ಒಳ್ಳೆಯದೇ ಆಯಿತು. ಹಾಗಾದರೆ ಬೇರುಹುಳುವಿಗೆ ಏನು ಮಾಡಬೇಕು? ಮಣ್ಣಿನಲ್ಲೇ ಅದಕ್ಕೊಂದು ಶತ್ರುವಿದೆ. ಅದು ಕೀಟಗಳನ್ನು ಕೊಲ್ಲುವ ಜಂತುಹುಳು.

ಬೇರಿಗೆ ಅಪಾಯವಿಲ್ಲವೇ?

ಜಂತುಹುಳು ಎಂದೊಡನೆ ಕಾಳುಮೆಣಸಿನ ಬೇರು ಕೆಡಿಸುವ ಜಂತು ನೆನಪಿಗೆ ಬರಬಹುದು. ಅದು ಬೇರೆ, ಇದು ಬೇರೆ. ಬೇರು ತಿನ್ನುವ ಜಂತುವಿನ ಬಾಯಲ್ಲಿ ಬೇರನ್ನು ಚುಚ್ಚಲು ಸೂಜಿಯಂತಹ ಮುಳ್ಳು ಇರುತ್ತದೆ. ಕೀಟ ಕೊಲ್ಲುವ ಸ್ಟೈನರ್‌ನೀಮಾ ಮತ್ತು ಹೆಟೆರೊರಾಬ್ಡೈಟಿಸ್ ಎಂಬ ಜಂತುಗಳಿಗೆ ಆ ಮುಳ್ಳಿಲ್ಲ. ಅವು ಗಿಡವನ್ನು ಮುಟ್ಟುವುದಿಲ್ಲ.

ಕೊಲ್ಲುವ ಬಗೆ

ಮಣ್ಣಿನಲ್ಲಿ ಬೇಟೆಗೆ ಕಾದಿರುವುದು ಈ ಜಂತುವಿನ ಮೂರನೆಯ ಹಂತದ ಮರಿ. ಉದ್ದ ಸುಮಾರು ಅರ್ಧ ಮಿಲಿಮೀಟರ್. ಆಹಾರವಿಲ್ಲದೆ, ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ಇದು ಬದುಕಿರುತ್ತದೆ. ಹುಳುವಿನ ಬಾಯಿ, ಗುದದ್ವಾರ ಅಥವಾ ಉಸಿರುರಂಧ್ರದ ಮೂಲಕ ಒಳಹೊಗುತ್ತದೆ. ಹೆಟೆರೊರಾಬ್ಡೈಟಿಸ್ ಮರಿಗೆ ಒಂದು ಸಣ್ಣ ಹಲ್ಲಿದ್ದು, ತೆಳುವಾದ ಚರ್ಮವನ್ನು ಹರಿದೂ ಒಳಸೇರಬಲ್ಲದು.

ಕೊಲ್ಲುವ ಕೆಲಸ ಜಂತುವಿನದೊಂದೇ ಅಲ್ಲ. ಅದರ ಕರುಳಿನಲ್ಲಿ ಒಂದು ಬಗೆಯ ದುಂಡಾಣು ವಾಸವಾಗಿದೆ. ಒಳಸೇರಿದ ಜಂತು ಈ ದುಂಡಾಣುವನ್ನು ಹುಳುವಿನ ರಕ್ತಕ್ಕೆ ಬಿಡುತ್ತದೆ. ದುಂಡಾಣು ಹೆಚ್ಚಿ ರಕ್ತ ನಂಜಾಗಿ, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಹುಳು ಸಾಯುತ್ತದೆ. ಸತ್ತ ಹುಳುವಿನೊಳಗೆ ಜಂತುಗಳು ದುಂಡಾಣುವನ್ನೇ ಉಂಡು ಸಂತಾನ ಬೆಳೆಸುತ್ತವೆ. ಒಂದೆರಡು ವಾರಗಳಲ್ಲಿ ಸಾವಿರಾರು ಹೊಸ ಮರಿಗಳು, ಪ್ರತಿಯೊಂದೂ ತನ್ನ ಪಾಲಿನ ದುಂಡಾಣುವನ್ನು ಹೊತ್ತು, ಹೊರಬಂದು ಬೇರೆ ಹುಳುವನ್ನು ಅರಸುತ್ತವೆ.

ಹೆಟೆರೊರಾಬ್ಡೈಟಿಸ್‌ನಿಂದ ಸತ್ತ ಹುಳು ಇಟ್ಟಿಗೆಗೆಂಪಾಗುತ್ತದೆ. ಸ್ಟೈನರ್‌ನೀಮಾದಿಂದ ಸತ್ತದ್ದು ಕಂದುಹಳದಿಯಾಗುತ್ತದೆ. ಅಂತಹ ಹುಳು ಕಂಡರೆ ತೆಗೆದೆಸೆಯಬೇಡಿರಿ. ಅದು ನಿಮ್ಮ ತೋಟದ ಬೀಜದ ಕಣಜ!

ಬೇರುಹುಳುವಿನ ರಕ್ಷಣೆ

ಬೇರುಹುಳುವೂ ಸುಲಭದ ತುತ್ತಲ್ಲ. ಅದರ ಉಸಿರುರಂಧ್ರಗಳಿಗೆ ಜರಡಿಯಂತಹ ಮುಚ್ಚಳವಿದೆ. ಅದು ಆಗಾಗ ಹಿಕ್ಕೆ ಹಾಕುವುದರಿಂದ ಗುದದ್ವಾರದಲ್ಲಿ ನುಗ್ಗಿದ ಜಂತುಗಳೂ ಹೊರಬೀಳುತ್ತವೆ. ಆದ್ದರಿಂದಲೇ ಜಂತುಗಳನ್ನು ಭಾರಿ ಸಂಖ್ಯೆಯಲ್ಲಿ, ಸರಿಯಾದ ಸಮಯದಲ್ಲಿ ಮಣ್ಣಿಗೆ ಸೇರಿಸಬೇಕು. ತೆಂಗಿನ ಬೇರುಹುಳುವಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು ಹೆಕ್ಟೇರಿಗೆ 150 ಕೋಟಿ ಸ್ಟೈನರ್‌ನೀಮಾ ಮರಿಗಳು. ಅಂದರೆ ಎಕರೆಗೆ ಸುಮಾರು 60 ಕೋಟಿ, ಒಂದು ಚದರ ಮೀಟರಿಗೆ ಒಂದೂವರೆ ಲಕ್ಷ! ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಹೆಟೆರೊರಾಬ್ಡೈಟಿಸ್ ಇಂಡಿಕಾ ಜಂತುವನ್ನು ನೀರಲ್ಲಿ ಕಲಸುವ ಪುಡಿಯ ರೂಪದಲ್ಲಿ ಸಿದ್ಧಪಡಿಸಿದೆ.

ಬಳಸುವ ಕ್ರಮ

1. ಮುಂಗಾರಿನ ಮೊದಲ ಮಳೆಗೆ ದುಂಬಿಗಳು ಮುಸ್ಸಂಜೆಯಲ್ಲಿ ಮಣ್ಣಿನಿಂದೇಳುತ್ತವೆ. ಎರಡು ಮೂರು ವಾರ ಅವನ್ನು ಹಿಡಿದು ಕೊಲ್ಲಿರಿ. ಮೊಟ್ಟೆ ಅಷ್ಟಕ್ಕಷ್ಟು ಕಡಿಮೆಯಾಗುತ್ತದೆ.

2. ಆಟಿ ಕಳೆದು ಸೋಣ ಬರುವ ಹೊತ್ತಿಗೆ ಮರಿಹುಳುಗಳು ಬೇರಿಗೆ ಬಾಯಿ ಹಾಕಿರುತ್ತವೆ. ಅವು ಬಲಿಯುವ ಮೊದಲೇ ಜಂತುಗಳನ್ನು ಹಾಕಿರಿ.

3. ಮಣ್ಣು ಹಸಿಯಾಗಿರಬೇಕು. ಮಣ್ಣಿನ ಕಣಗಳ ನಡುವಣ ತೆಳುವಾದ ನೀರಿನ ಪದರದಲ್ಲೇ ಜಂತು ಚಲಿಸಬಲ್ಲದು. ಆದರೆ ನೀರು ನಿಂತ ಮಣ್ಣಿನಲ್ಲಿ ಉಸಿರಾಡಲಾರದು. ಜಡಿಮಳೆಯ ದಿನ ಬೇಡ. ಮಳೆ ಬಿಡುವು ಕೊಟ್ಟ ಸಂಜೆ ಒಳ್ಳೆಯದು. ಬಿಸಿಲು ಜಂತುವನ್ನು ಕೊಲ್ಲುತ್ತದೆ.

4. ಕಲಸಿದ ನೀರನ್ನು ಆಗಾಗ ಕದಡುತ್ತ, ಮಣ್ಣನ್ನು ಎರಡರಿಂದ ನಾಲ್ಕು ಅಂಗುಲ ಸಡಿಲಿಸಿ ಸುರಿದು ಮುಚ್ಚಿರಿ. ಕೀಟನಾಶಕ ತುಂಬಿದ್ದ ಪಾತ್ರೆ ಬಳಸಬೇಡಿರಿ. ಮುಂದೆ ಮಳೆ ಬಾರದಿದ್ದರೆ ನೀರು ಹಾಯಿಸಿರಿ.

5. ಕೊಂಡ ಸರಕನ್ನು ತಂಪಿನಲ್ಲಿಟ್ಟು, ಅವಧಿಯೊಳಗೇ ಬಳಸಿರಿ. ಒಂದು ಹನಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಜಂತುಗಳು ಮಿಸುಕಾಡುತ್ತಿರಬೇಕು. ಸತ್ತ ಜಂತುವಿನಿಂದ ಪ್ರಯೋಜನವಿಲ್ಲ.

ರಾಸಾಯನಿಕದಂತೆ ಒಮ್ಮೆ ಹಾಕಿ ಮರೆಯುವ ವಸ್ತು ಇದಲ್ಲ. ಮೂರು ನಾಲ್ಕು ವಾರ ಕಳೆದು ಮತ್ತೆ ಬುಡ ಅಗೆದು ನೋಡಿರಿ. ಜೀವಂತ ಹುಳುಗಳು ಉಳಿದಿದ್ದರೆ ಇನ್ನೊಮ್ಮೆ ಹಾಕಿರಿ. ಜಂತು ಜೀವವಿರುವ ಸಹಾಯಕ. ಅದಕ್ಕೆ ತೇವ ಮತ್ತು ನೆರಳು ಕೊಟ್ಟರೆ, ನಿಮ್ಮ ಕಣ್ಣಿಗೆ ಕಾಣದ ಕಡೆ ಅದು ನಿಮ್ಮ ಕೆಲಸ ಮಾಡುತ್ತದೆ. ನಿಮ್ಮ ತೋಟಕ್ಕೆ ತಕ್ಕ ಸಲಹೆಗಾಗಿ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವನ್ನು ಸಂಪರ್ಕಿಸಿರಿ. ಹೋಗುವಾಗ ಬುಡದಲ್ಲಿ ಸಿಕ್ಕಿದ ಹುಳುವನ್ನು ಸ್ವಲ್ಪ ಮಣ್ಣಿನೊಂದಿಗೆ ಡಬ್ಬಿಯಲ್ಲಿ ಒಯ್ಯಲು ಮರೆಯದಿರಿ.