ಕಳಚಿ ಮಾರಬಹುದಾದದ್ದಕ್ಕೆ ಮಾತ್ರ ದುಡ್ಡು

ನಮ್ಮ ಧರ್ಮಪುರಿ ಜಿಲ್ಲೆಯ ಮೊರಪ್ಪೂರು, ಹರೂರು, ಕಂಬೈನಲ್ಲೂರು ಕಡೆ ಹಳೇ ಬೈಕು ಕೊಳ್ಳಲು ಬರುವವನ ಕಣ್ಣು ಮೊದಲು ಹೋಗುವುದು ಸೈಲೆನ್ಸರ್ ಮೇಲೆ. ಅದು ಕಂಪನಿಯದಲ್ಲ ಎಂದು ಕಂಡರೆ ಗಾಡಿಯ ಸುತ್ತ ಒಂದು ಸಲ ಸುತ್ತುತ್ತಾನೆ, "ಹುಡುಗರು ಓಡಿಸಿದ ಗಾಡಿ" ಅನ್ನುತ್ತಾನೆ, ಹತ್ತು ಸಾವಿರ ಇಳಿಸಿಕೊಂಡೇ ವ್ಯಾಪಾರಕ್ಕೆ ಕೂರುತ್ತಾನೆ. ಆ ಸೈಲೆನ್ಸರಿಗೆ ಮಾಲೀಕ ಇಪ್ಪತ್ತು ಸಾವಿರ ಸುರಿದಿರುತ್ತಾನೆ. ಕೊಟ್ಟದ್ದೂ ಹೋಯಿತು, ಬರಬೇಕಾದದ್ದೂ ಕಡಿಮೆಯಾಯಿತು. ಮನೆಗೆ ಗ್ರಾನೈಟ್ ಹಾಕಿಸಿದರೆ ಮಾರುವಾಗ ಅರ್ಧವಾದರೂ ಬರುತ್ತದೆ. ಬೈಕಿಗೆ ಹಾಕಿಸಿದ್ದರಲ್ಲಿ ಎಷ್ಟೋ ಸಾಮಾನು ಬೆಲೆಯನ್ನು ಕೆಳಕ್ಕೇ ಎಳೆಯುತ್ತದೆ.

ಹಾಗಾದರೆ ಏನೂ ಹಾಕಿಸಬಾರದೇ? ಹಾಕಿಸಬೇಕು. ನಾನೇ ಹಾಕಿಸಿದ್ದೇನೆ. ನನ್ನ ಗಾಡಿ ಹೀರೋ ಎಕ್ಸ್‌ಪಲ್ಸ್ 200. ಚಿತ್ತೇರಿ ಬೆಟ್ಟದ ಬುಡದಲ್ಲಿರುವ ಮಾವಿನ ತೋಟಕ್ಕೆ ಹೋಗಿಬರಲು ಅದಕ್ಕಿಂತ ಅನುಕೂಲದ್ದು ನನಗೆ ಕಂಡಿಲ್ಲ. ಮಣ್ಣಿನ ಹುಚ್ಚು ನಿಜವಾಗಿ ಹಿಡಿದಿರುವುದು ಅಕ್ಕನ ಮಗನಿಗೆ. ಹೊಸೂರಿನಲ್ಲಿ ಕೆಲಸ, ರಜೆ ಸಿಕ್ಕರೆ ಡರ್ಟ್ ಟ್ರ್ಯಾಕ್. ಅವನ ಗಾಡಿಯ ಖರ್ಚಿಗೆ ಆಗಾಗ ಸಾಲ ಕೊಡುವವನು ನಾನಾದ್ದರಿಂದ ಎರಡೂ ಗಾಡಿಗಳ ಲೆಕ್ಕ ನನ್ನ ಪುಸ್ತಕದಲ್ಲಿದೆ. "ಮಾವ, ಒಂದು ಪಾರ್ಟು ನೋಡಿದ್ದೀನಿ" ಎಂದು ಅವನು ಫೋನು ಮಾಡಿದಾಗ ನಾನು ಕೇಳುವುದು ಎರಡೇ ಮಾತು. ನಾಳೆ ಅದನ್ನು ಕಳಚಿ ಬೇರೆಯವರಿಗೆ ಮಾರಬಹುದೇ? ಇಲ್ಲವಾದರೆ, ಅದಕ್ಕಿಂತ ದೊಡ್ಡ ಬಿಲ್ಲೊಂದನ್ನು ಅದು ತಪ್ಪಿಸುತ್ತದೆಯೇ? ಎರಡಕ್ಕೂ ಇಲ್ಲ ಎಂದಾದರೆ ಅದು ಷೋಕಿ. ಷೋಕಿ ತಪ್ಪಲ್ಲ, ಆದರೆ ಷೋಕಿಗೆ ನನ್ನಲ್ಲಿ ಸಾಲ ಇಲ್ಲ.

ಅಪ್ಪಟ ಮೋಟೋಕ್ರಾಸ್ ಗಾಡಿಯ ಮಾತೇ ಬೇರೆ. ಕವಾಸಕಿ ಕೆಎಕ್ಸ್ 250, ಸುಜುಕಿ ಆರ್‌ಎಂ-ಝಡ್ 250 ಇವೆಲ್ಲ ಹೊರದೇಶದಿಂದ ಬರುವಂಥವು. ಬೆಲೆ ಏಳೆಂಟು ಲಕ್ಷ. ಹೆಡ್‌ಲೈಟಿಲ್ಲ, ಇಂಡಿಕೇಟರಿಲ್ಲ, ನಂಬರ್ ಪ್ಲೇಟ್ ಸಿಗುವುದಿಲ್ಲ. ರಸ್ತೆಗೆ ಇಳಿಸುವಂತೆಯೇ ಇಲ್ಲ. ಟ್ರ್ಯಾಕಿಗೆ ಹೋಗಬೇಕಾದರೆ ಪ್ರತಿಸಲವೂ ಟಾಟಾ ಏಸ್ ಬಾಡಿಗೆ. ಸರ್ವಿಸನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕುವುದಿಲ್ಲ, ಎಂಜಿನ್ ಓಡಿದ ಗಂಟೆಗಳಲ್ಲಿ ಹಾಕುತ್ತಾರೆ. ಇಷ್ಟು ಗಂಟೆಗೆ ಎಣ್ಣೆ, ಇಷ್ಟು ಗಂಟೆಗೆ ಪಿಸ್ಟನ್. ನಮ್ಮ ಕಡೆಯ ಹುಡುಗರು ಮಣ್ಣಿನಲ್ಲಿ ಹಾರಿಸುವುದು ಎಕ್ಸ್‌ಪಲ್ಸನ್ನು, ಅದಕ್ಕೂ ಮುಂಚೆ 2011ರಲ್ಲಿ ಬಂದ ಇಂಪಲ್ಸನ್ನು, ಇನ್ನೂ ಹಿಂದಿನ ಷೋಗನ್ ಮತ್ತು ಆರ್‌ಎಕ್ಸ್ 100ಗಳನ್ನು. ಅವು ರಸ್ತೆಗೆಂದು ಮಾಡಿದವು. ಮಣ್ಣಿಗೆ ಒಗ್ಗಿಸಲು ಖರ್ಚು ಬೀಳುವುದು ಅಲ್ಲಿಯೇ.

ಎಕ್ಸ್‌ಪಲ್ಸಿನ ಕತೆಯಲ್ಲೇ ಒಂದು ಹಣಕಾಸಿನ ಪಾಠ ಇದೆ. 2019ರ ಮೇನಲ್ಲಿ ಗಾಡಿ ಬಿಡುಗಡೆಯಾದಾಗ ಫ್ಯೂಯಲ್ ಇಂಜೆಕ್ಷನ್ ಮಾದರಿಗೆ ಷೋರೂಂ ಬೆಲೆ 1.05 ಲಕ್ಷ. ಮರುವರ್ಷ ಕಂಪನಿಯೇ ಸ್ಪರ್ಧೆಗೆಂದು ರ‍್ಯಾಲಿ ಕಿಟ್ ತಂದಿತು; ಬೆಲೆ 38,000 ರೂಪಾಯಿ. ಉದ್ದನೆಯ ಸಸ್ಪೆನ್ಷನ್, ಗಡ್ಡೆಗಡ್ಡೆಯ ಟೈರು, ಚಪ್ಪಟೆ ಸೀಟು, ಹ್ಯಾಂಡಲ್ ಎತ್ತರಿಸುವ ರೈಸರ್, ಉದ್ದದ ಗೇರ್ ಲಿವರ್, ಗಾಡಿ ಎತ್ತರವಾದ್ದರಿಂದ ಉದ್ದದ ಸೈಡ್ ಸ್ಟ್ಯಾಂಡು. ಮುಂದಿನ ಸಸ್ಪೆನ್ಷನ್ನಿನ ಓಟ 190 ಮಿಲಿಮೀಟರಿನಿಂದ 250ಕ್ಕೆ, ಹಿಂದಿನದು 170ರಿಂದ 220ಕ್ಕೆ ಏರಿತು. ಒಳ್ಳೆಯ ಸಾಮಾನೇ, ಒಪ್ಪುತ್ತೇನೆ. ಆದರೆ ಮುಂದೆ ನೋಡಿ. 2021ರ ಅಕ್ಟೋಬರಿನಲ್ಲಿ ನಾಲ್ಕು ವಾಲ್ವಿನ ಎಕ್ಸ್‌ಪಲ್ಸ್ ಸುಮಾರು 1.28 ಲಕ್ಷಕ್ಕೆ ಬಂತು. 2022ರ ಜುಲೈನಲ್ಲಿ ಅದೇ ಗಾಡಿ, ಇದೇ ಬಗೆಯ ಸಾಮಾನುಗಳೊಂದಿಗೆ ಕಾರ್ಖಾನೆಯಿಂದಲೇ ರ‍್ಯಾಲಿ ಎಡಿಷನ್ ಆಗಿ 1.52 ಲಕ್ಷಕ್ಕೆ ಬಂತು. ನಡುವೆ ಏರಿದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ವ್ಯತ್ಯಾಸ 24,000. ಡಬ್ಬಿಯಲ್ಲಿ ತಂದು ಜೋಡಿಸಿದರೆ 38,000, ಕಾರ್ಖಾನೆಯಲ್ಲಿ ಜೋಡಿಸಿ ತಂದರೆ ಅದಕ್ಕಿಂತ ಕಡಿಮೆ. ಅಷ್ಟೇ ಆಗಿದ್ದರೆ ಹೇಳುತ್ತಿರಲಿಲ್ಲ. ಕಾರ್ಖಾನೆಯದು ಆರ್‌ಸಿಯಲ್ಲಿ ಸೇರುತ್ತದೆ, ವಾಹನ ಸಾಲದಲ್ಲಿ ಸೇರುತ್ತದೆ, ವಿಮೆಯ ಬೆಲೆಯಲ್ಲಿ ಸೇರುತ್ತದೆ. ಡಬ್ಬಿಯದು ಇವು ಮೂರರಲ್ಲೂ ತಾನಾಗಿ ಸೇರುವುದಿಲ್ಲ.

ಸಾಲದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬೈಕಿನ ಸಾಲ ಕೊಡುವವರು ಬಿಡಿಭಾಗಕ್ಕೆ ಕೊಡುವುದಿಲ್ಲ. ಹುಡುಗರು ಕ್ರೆಡಿಟ್ ಕಾರ್ಡ್ ಇಎಂಐಗೆ ಹೋಗುತ್ತಾರೆ. 38,000 ರೂಪಾಯಿಗೆ ಶೇ 16ರಂತೆ ಹನ್ನೆರಡು ತಿಂಗಳೆಂದರೆ ಕಂತು ಸುಮಾರು 3,448. ಬಡ್ಡಿ 3,373, ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ 607. ಸುಮಾರು ನಾಲ್ಕು ಸಾವಿರ ಸುಮ್ಮನೆ ಹೋಯಿತು. ಆ ದುಡ್ಡಿನಲ್ಲಿ ಬರುವುದನ್ನು ಮುಂದೆ ಹೇಳುತ್ತೇನೆ.

ನಮ್ಮ ಸೀಮೆಯಲ್ಲಿ ಮಣ್ಣಿನ ಗಾಡಿಯ ಮೊದಲ ಶತ್ರು ಬಳ್ಳಾರಿ ಜಾಲಿ. ಕೆರೆಯಂಗಳ, ಹಳ್ಳದ ದಂಡೆ, ಪಾಳುಬಿದ್ದ ಹೊಲ, ಎಲ್ಲಿ ನೋಡಿದರೂ ಅದೇ. ಅದರ ಮುಳ್ಳು ಟೈರಿಗೆ ಹೊಕ್ಕರೆ ಒಳಗೇ ಮುರಿದು ಕೂರುತ್ತದೆ. ತೆಗೆದೆವೆಂದು ಹೊಸ ಟ್ಯೂಬು ಹಾಕಿದರೆ ಅದಕ್ಕೂ ಚುಚ್ಚುತ್ತದೆ. ಕಡ್ಡಿ ಚಕ್ರದ ಗಾಡಿಗೆ ಟ್ಯೂಬ್‌ಲೆಸ್ ಸುಲಭವಾಗಿ ಆಗುವುದಿಲ್ಲ. ಆದ್ದರಿಂದ ನಾನು ಮೊದಲು ಹಾಕಿಸಿದ್ದು ದಪ್ಪ ರಬ್ಬರಿನ ಹೆವಿ ಡ್ಯೂಟಿ ಟ್ಯೂಬು. ಯಾರ ಕಣ್ಣಿಗೂ ಬೀಳದ, ಯಾರೂ ಫೋಟೋ ತೆಗೆಯದ ಸಾಮಾನು. ಪಂಕ್ಚರ್ ಅಂಗಡಿಯವನಿಗೆ ಕೊಡುತ್ತಿದ್ದುದರ ಜೊತೆಗೆ, ತೋಟದಿಂದ ಗಾಡಿ ತಳ್ಳಿಕೊಂಡು ಬರುವ ದಿನದ ಕೂಲಿಯನ್ನೂ ಸೇರಿಸಿ ನೋಡಿದರೆ ಇಷ್ಟು ಬೇಗ ತನ್ನ ಬೆಲೆ ತೀರಿಸಿದ ಬೇರೊಂದು ಪಾರ್ಟು ನನ್ನ ಪುಸ್ತಕದಲ್ಲಿಲ್ಲ.

ಎರಡನೆಯದು ಎಂಜಿನ್ನಿನ ಹೊಟ್ಟೆಗೆ ಕಟ್ಟುವ ತಗಡು, ಬ್ಯಾಶ್ ಪ್ಲೇಟ್. ಆನ್‌ಲೈನಿನಲ್ಲಿ ಮೂರು ನಾಲ್ಕು ಸಾವಿರಕ್ಕೆ ಸಿಗುತ್ತದೆ. ನಾವು ಸೇಲಂ ಕಡೆಯ ವೆಲ್ಡಿಂಗ್ ಶಾಪಿನಲ್ಲಿ ಅಳತೆ ಕೊಟ್ಟು, ಅರ್ಧಕ್ಕಿಂತ ಕಡಿಮೆ ದುಡ್ಡಿನಲ್ಲಿ ಮಾಡಿಸಿದೆವು. ಹುಡುಗನ ಗಾಡಿ ಒಮ್ಮೆ ದಿಣ್ಣೆ ಇಳಿಯುವಾಗ ಬಂಡೆಗೆ ಕೂತಾಗ ತಗಡು ನಗ್ಗಿತು, ಕ್ರ್ಯಾಂಕ್‌ಕೇಸ್ ಉಳಿಯಿತು. ಆ ಭಾಗ ಒಡೆದಿದ್ದರೆ ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕಿತ್ತು. ಹ್ಯಾಂಡ್‌ಗಾರ್ಡಿನ ಲೆಕ್ಕವೂ ಹೀಗೇ: ಕ್ಲಚ್ ಲಿವರಿಗಿಂತ ಬೆರಳಿನ ಮೂಳೆ ದುಬಾರಿ. ಇವೆರಡೂ ಕಳಚಿದರೆ ಇನ್ನೊಂದು ಎಕ್ಸ್‌ಪಲ್ಸಿಗೆ ಕೂರುತ್ತವೆ, ಒಂದಷ್ಟು ದುಡ್ಡೂ ಹುಟ್ಟುತ್ತದೆ.

ಇನ್ನು ದುಡ್ಡೇ ಬೇಡದ ಅಪ್‌ಗ್ರೇಡ್. ಟ್ರ್ಯಾಕಿನಲ್ಲಿ ಸ್ಯಾಗ್ ಅನ್ನುತ್ತಾರೆ. ನೀವು ಗಾಡಿ ಮೇಲೆ ಕೂತಾಗ ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೆ ಎಂಬ ಅಳತೆ. ಒಟ್ಟು ಓಟದ ಮೂರರಲ್ಲಿ ಒಂದು ಪಾಲಿನ ಸುಮಾರಿಗೆ ಕುಗ್ಗಬೇಕು. 300 ಮಿಲಿಮೀಟರ್ ಓಟದ ಮೋಟೋಕ್ರಾಸ್ ಗಾಡಿಯಲ್ಲಿ ನೂರರ ಆಸುಪಾಸು. ಅಳೆಯಲು ಬೇಕಾದದ್ದು ಒಂದು ಟೇಪು, ಗಾಡಿ ಹಿಡಿಯಲು ಒಬ್ಬ ಗೆಳೆಯ, ಹಿಂದಿನ ಷಾಕಿನ ರಿಂಗು ತಿರುಗಿಸಲು ಒಂದು ಸ್ಪ್ಯಾನರ್. ಸಾವಿರಾರು ರೂಪಾಯಿಯ ಸ್ಪ್ರಿಂಗಿಗೆ ಆರ್ಡರ್ ಹಾಕುವ ಮೊದಲು ಇದನ್ನು ಅಳೆದವರನ್ನು ನಾನು ಹೆಚ್ಚು ಕಂಡಿಲ್ಲ. ಹೊರದೇಶದ ಸ್ಪ್ರಿಂಗುಗಳು ಎಪ್ಪತ್ತೈದು ಎಂಬತ್ತು ಕಿಲೋ ತೂಗುವವರನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಅರವತ್ತು ಕಿಲೋದ ನಮ್ಮ ಹುಡುಗ ಅದರ ಮೇಲೆ ಕೂತರೆ ಗಾಡಿ ಕುದುರೆಯಾಗುತ್ತದೆ. ಲಿವರಿನ ಕೋನ, ಹ್ಯಾಂಡಲಿನ ಕೋನ, ಚೈನಿನ ಸಡಿಲ, ಮಣ್ಣಿಗೆ ಇಳಿಯುವಾಗ ಟೈರಿನ ಗಾಳಿಯನ್ನು ನಾಲ್ಕೈದು ಪಿಎಸ್‌ಐ ಕಡಿಮೆ ಮಾಡುವುದು, ಎಲ್ಲವೂ ಪುಕ್ಕಟೆ. ಏರ್ ಫಿಲ್ಟರ್ ಶುಚಿಯಾಗಿಡುವುದೂ ಅಷ್ಟೇ. ನಮ್ಮ ಕೆಂಪು ದೂಳು ಎಂಜಿನ್ನಿಗೆ ಹೊಕ್ಕರೆ ರಿಂಗು, ಬೋರು ಎರಡೂ ಸವೆಯುತ್ತವೆ.

ಅಷ್ಟಾದ ಮೇಲೂ ಎಳೆತ ಸಾಲದು ಎನಿಸಿದರೆ? ಮುಂದಿನ ಸ್ಪ್ರಾಕೆಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿ. ಹದಿಮೂರು ಹಲ್ಲು ಹನ್ನೆರಡಾದರೆ ಹಿಂದಿನ ಚಕ್ರದ ಎಳೆತ ಶೇ 8ರಷ್ಟು ಏರುತ್ತದೆ, ಗರಿಷ್ಠ ವೇಗ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಮಣ್ಣಿನಲ್ಲಿ ಗರಿಷ್ಠ ವೇಗ ಯಾರಿಗೆ ಬೇಕು? ಖರ್ಚು ಕೆಲವು ನೂರು ರೂಪಾಯಿ, ಹಳೆಯ ಸ್ಪ್ರಾಕೆಟನ್ನು ಮತ್ತೆ ಹಾಕುವುದು ಅರ್ಧ ಗಂಟೆಯ ಕೆಲಸ. ಹದಿನೆಂಟು ಹತ್ತೊಂಬತ್ತು ಕುದುರೆಶಕ್ತಿಯ ಗಾಡಿಗೆ ಇಪ್ಪತ್ತು ಸಾವಿರದ ಸೈಲೆನ್ಸರ್ ಹಾಕಿದರೆ ಸಿಗುವುದು ಹೆಚ್ಚೆಂದರೆ ಒಂದೋ ಎರಡೋ ಕುದುರೆ, ಅದೂ ಎಂಜಿನ್ ಚೀರುವಾಗ. ಉಳಿದದ್ದೆಲ್ಲ ಸದ್ದು. ಕಂಪನಿಯ ಸೈಲೆನ್ಸರಿನೊಂದಿಗೆ ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರೂ ಹೋದರೆ ಬಿಎಸ್6 ಗಾಡಿ ಬಿಎಸ್6 ಆಗಿ ಉಳಿಯುವುದಿಲ್ಲ.

ಎಂಜಿನ್ ಬಿಚ್ಚಿ ಬೋರ್ ದೊಡ್ಡದು ಮಾಡಿಸುವುದು, ಪೋರ್ಟಿಂಗ್ ಮಾಡಿಸುವುದು ನನ್ನ ಎರಡೂ ಪ್ರಶ್ನೆಗಳಲ್ಲಿ ಫೇಲು. ಕೊರೆದ ಲೋಹ ಮತ್ತೆ ಬೆಳೆಯುವುದಿಲ್ಲ. ಆರ್‌ಎಕ್ಸ್ 100 ನೋಡಿ. 1985ರಿಂದ 1996ರವರೆಗೆ ತಯಾರಾದ 98 ಸಿಸಿ ಗಾಡಿ. ಅದರ ಪೋರ್ಟು ಕೊರೆಯದ ಮೆಕ್ಯಾನಿಕ್ ಒಂದು ಕಾಲಕ್ಕೆ ಮೆಕ್ಯಾನಿಕ್ಕೇ ಅಲ್ಲ ಅನ್ನುವಂತಿತ್ತು. ಇವತ್ತು ಲಕ್ಷ ದಾಟಿ ಮಾರುತ್ತಿರುವುದು ಯಾರೂ ಕೈಹಾಕದ, ಕಂಪನಿಯಿಂದ ಬಂದಂತೆಯೇ ಇರುವ ಆರ್‌ಎಕ್ಸ್. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಗೋಣಿಚೀಲ ಇದೆ. ಗಾಡಿಯಿಂದ ಕಳಚಿದ ಪ್ರತಿ ಮೂಲ ಸಾಮಾನೂ, ಬೋಲ್ಟ್ ಸಹಿತ, ಎಣ್ಣೆ ಒರೆಸಿ ಅದರಲ್ಲಿ. ಮಾರುವ ದಿನ ಹಾಕಿಸಿದ್ದನ್ನು ಕಳಚಿ ಪ್ರತ್ಯೇಕ ಮಾರುತ್ತೇವೆ, ಗಾಡಿಯನ್ನು ಮೂಲರೂಪದಲ್ಲಿ ಮಾರುತ್ತೇವೆ.

ಎಲ್ಲಕ್ಕಿಂತ ದೊಡ್ಡ ಪಾಲು ಹೋಗಬೇಕಾದದ್ದು ಓಡಿಸುವವನ ಮೈಗೆ. ಬೂಟು, ಮೊಣಕಾಲಿನ ಗಾರ್ಡು, ಎದೆಕವಚ, ಐಎಸ್‌ಐ ಗುರುತಿನ ಹೆಲ್ಮೆಟ್. ಇವು ಗಾಡಿ ಬದಲಾದರೂ ಜೊತೆಗೆ ಬರುತ್ತವೆ. ಆಮೇಲೆ ಕಲಿಕೆಗೆ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಬಳಿ ಮಣ್ಣಿನ ಓಟ ಕಲಿಸುವ ಬಿಗ್‌ರಾಕ್ ಡರ್ಟ್ ಪಾರ್ಕ್ ಕಟ್ಟಿದ್ದಾರೆ. ಬಿಗ್ ಬಾಸ್ ಕನ್ನಡದಿಂದ ಮನೆಮಾತಾದ ಕೆ.ಪಿ. ಅರವಿಂದ್ ಬೆಳೆದದ್ದು ನಮ್ಮ ಹೊಸೂರಿನ ಟಿವಿಎಸ್ ರೇಸಿಂಗ್ ತಂಡದಲ್ಲಿ. 1982ರಲ್ಲಿ ಶುರುವಾದ ತಂಡ ಅದು. ಆಗ ಹೊಸೂರೂ ಧರ್ಮಪುರಿ ಜಿಲ್ಲೆಗೇ ಸೇರಿತ್ತು. (ಮೊರಪ್ಪೂರಿನಿಂದ ಹೊಸೂರಿಗೆ ಹಿಂದೆ ಪುಟ್ಟ ರೈಲೊಂದು ಓಡುತ್ತಿತ್ತು, 1941ರಲ್ಲಿ ನಿಂತಿತು. ಅದಿದ್ದಿದ್ದರೆ ಹುಡುಗನ ಬಸ್ ಖರ್ಚಾದರೂ ಉಳಿಯುತ್ತಿತ್ತು.) ಒಂದು ದಿನ ತರಬೇತಿಗೆ ಹೋಗಿಬಂದ ಮೇಲೆ ಅಕ್ಕನ ಮಗನ ಪಾರ್ಟುಗಳ ಪಟ್ಟಿ ತಾನಾಗಿ ಚಿಕ್ಕದಾಯಿತು. ನಿಂತು ಓಡಿಸಲು ಬಾರದವನಿಗೆ ಮಾತ್ರ ಎಲ್ಲ ಸಾಮಾನೂ ಬೇಕೆನಿಸುತ್ತದೆ.

ಕಾನೂನಿನ ಲೆಕ್ಕವೂ ದುಡ್ಡಿನ ಲೆಕ್ಕವೇ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ, ಅನುಮತಿಯಿಲ್ಲದೆ ಮಾಡಿದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸದ್ದು, ಹೊಗೆಯ ಮಿತಿ ಮೀರಿದರೆ 190ನೇ ಕಲಮಿನಡಿ ಮೊದಲ ಸಲಕ್ಕೇ 10,000ದವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು. ಟ್ರ್ಯಾಕಿಗೆಂದು ಹಾಕಿದ್ದನ್ನು ಟ್ರ್ಯಾಕಿನಲ್ಲೇ ಕಳಚಿ ಬರುವುದು ಅಗ್ಗ.

ಕೊನೆಯದಾಗಿ ವಿಮೆ. ಪಾಲಿಸಿಯಲ್ಲಿ ಬರೆದಿರುವ ಐಡಿವಿ, ಅಂದರೆ ಗಾಡಿಯ ವಿಮೆಯ ಬೆಲೆ, ಕಂಪನಿಯ ಮೂಲ ಗಾಡಿಯ ಬೆಲೆಯ ಮೇಲೆ ಕಟ್ಟಿದ್ದು. ವರ್ಷ ಕಳೆದಂತೆ ಕರಗಿ, ನಾಲ್ಕು ದಾಟಿ ಐದಾಗುವ ಹೊತ್ತಿಗೆ ಅರ್ಧಕ್ಕೆ ಇಳಿದಿರುತ್ತದೆ. ನೀವು ಹೇಳದೇ ಹಾಕಿಸಿದ ಸಾಮಾನು ಅದರಲ್ಲಿ ಇಲ್ಲವೇ ಇಲ್ಲ. ಗಾಡಿ ಕಳವಾದರೆ 38,000ದ ಕಿಟ್ಟಿಗೆ ಸೊನ್ನೆ. ಅಪಘಾತವಾದರೆ, ಹೇಳದ ಬದಲಾವಣೆಯನ್ನೇ ನೆಪ ಮಾಡಿ ಕ್ಲೇಮ್ ತಡೆಯಲು ಅವಕಾಶ. ರಬ್ಬರು, ಪ್ಲಾಸ್ಟಿಕ್ಕು, ಟೈರು, ಟ್ಯೂಬುಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಬೆಲೆ ಮಾತ್ರ. ರೇಸು, ವೇಗದ ಪರೀಕ್ಷೆಗಳಲ್ಲಿ ಆದ ಹಾನಿ ಪಾಲಿಸಿಯ ಹೊರಗೆ. ಅದು ಸಣ್ಣ ಅಕ್ಷರದಲ್ಲಿದ್ದರೂ ಎಲ್ಲ ಪಾಲಿಸಿಯಲ್ಲೂ ಇದೆ. ಹೆಚ್ಚುವರಿ ದೀಪದಂಥ ಎಲೆಕ್ಟ್ರಿಕ್ ಸಾಮಾನನ್ನು ಸೇರಿಸಲು ಮೋಟಾರ್ ಟ್ಯಾರಿಫ್ ಪ್ರಕಾರ ಅದರ ಬೆಲೆಯ ಶೇ 4ರಷ್ಟು ಪ್ರೀಮಿಯಂ, ಅಂದರೆ ಐದು ಸಾವಿರದ ದೀಪಕ್ಕೆ ವರ್ಷಕ್ಕೆ 200 ರೂಪಾಯಿ. ಆದ್ದರಿಂದ ಪಾಲಿಸಿ ನವೀಕರಣಕ್ಕೆ ಮೊದಲು ಹಾಕಿಸಿದ ಪ್ರತಿ ಸಾಮಾನಿನ ಬಿಲ್ಲನ್ನೂ ಒಯ್ದು ವಿಮೆಯವರಿಗೆ ಕೊಡಿ, ಪಾಲಿಸಿಯಲ್ಲಿ ಸೇರಿಸಿ ಬರೆದುಕೊಡಲು ಕೇಳಿ, ಆಗುವುದಿಲ್ಲ ಎಂದರೆ ಆ ಮಾತನ್ನೂ ಬರಹದಲ್ಲೇ ಪಡೆಯಿರಿ.